ಮೈಸೂರಿನ ಅಗ್ನಿಬಾಣ

ದೀಪಾವಳಿಯಲ್ಲಿ ಮಕ್ಕಳು ಹಾರಿಸುವ ಬಾಣವನ್ನು ನೋಡದವರಿಲ್ಲ. ಅದೇ ಬಾಣವು ಹದಿನೆಂಟನೆಯ ಶತಮಾನದಲ್ಲಿ ಮೈಸೂರು ದಂಡಿನ ಆಯುಧವಾಗಿದ್ದಿತೆಂಬುದೂ, ಇಂಗ್ಲಿಷರು ಅದನ್ನು ಇಲ್ಲಿಂದ ಕೊಂಡೊಯ್ದು ತಮ್ಮದಾಗಿ ಮಾಡಿಕೊಂಡರೆಂಬುದೂ ವಾಚಕರಲ್ಲಿ ಎಲ್ಲರಿಗೂ ತಿಳಿದಿರಲಾರದು.

ಬಾಣದ ತತ್ತ್ವ ಸರಳವಾದುದು. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ಪೆಟ್ಲುಪ್ಪು, ಗಂಧಕ, ಇದ್ದಲು ಕೂಡಿದ ಮದ್ದನ್ನು ಗಟ್ಟಿಸಿ ಕಿಚ್ಚಿಟ್ಟರೆ, ಉರಿದ ಅನಿಲವು ತೆರೆದ ಬಾಯಿಂದ ಹಿಂದಕ್ಕೆ ನುಗ್ಗುತ್ತದೆ, ಕೊಳವೆ ಮುಂದಕ್ಕೆ ಚಿಮ್ಮುತ್ತದೆ. ಜೊತೆಗೆ ಕಟ್ಟಿದ ಉದ್ದನೆಯ ಕೋಲು ಅದು ಲಾಗ ಹಾಕದಂತೆ ನೋಡಿಕೊಳ್ಳುತ್ತದೆ. ಚೀನಾದಲ್ಲಿಯೂ ನಮ್ಮ ದೇಶದಲ್ಲಿಯೂ ಇಂಥ ಬಾಣಗಳು ಬಹುಕಾಲದಿಂದ ಇದ್ದವು. ಆದರೆ ಕಾಗದದ ಇಲ್ಲವೆ ಬಿದಿರಿನ ಕೊಳವೆ ಹೆಚ್ಚು ಒತ್ತಡವನ್ನು ತಾಳಲಾರದು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಮೈಸೂರಿನಲ್ಲಿ ಈ ಕೊಳವೆಯನ್ನು ಮೆದು ಕಬ್ಬಿಣದಿಂದ ಬಡಿದು ಮಾಡಿದರು. ಹೆಚ್ಚುಗಾರಿಕೆ ಇದ್ದುದು ಅಲ್ಲಿಯೇ. ಬಾಯ್ಲರಿನ ಬಳಿ ದುಡಿಯುವ ನಮ್ಮ ಚೆಂಬೂರು, ಟ್ರಾಂಬೆಯ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋಡೆ ಗಟ್ಟಿಯಿದ್ದಷ್ಟೂ ಒತ್ತಡ, ಒತ್ತಡವಿದ್ದಷ್ಟೂ ವೇಗ.

ಇಂಗ್ಲೆಂಡಿನ ವುಲಿಚ್ ಸಂಗ್ರಹಾಲಯದಲ್ಲಿದ್ದ ಎರಡು ಮೈಸೂರು ಬಾಣಗಳನ್ನು ನಮ್ಮ ಕನ್ನಡಿಗ ವಿಜ್ಞಾನಿ ರೊದ್ದಂ ನರಸಿಂಹ ಅವರು ಪರಿಶೀಲಿಸಿ 1985ರಲ್ಲಿ ಬರೆದರು. ಒಂದರ ಕೊಳವೆ ಸುಮಾರು 10 ಅಂಗುಲ ಉದ್ದವಿದ್ದು, ಹಸಿ ತೊಗಲಿನ ಪಟ್ಟಿಯಿಂದ ಕತ್ತಿಯ ಅಲಗಿಗೆ ಬಿಗಿಯಲ್ಪಟ್ಟಿದೆ. ಇನ್ನೊಂದರದು ಸುಮಾರು 8 ಅಂಗುಲ. ಅದಕ್ಕೆ ಆರಡಿಗೂ ಮಿಕ್ಕಿದ ಬಿದಿರು. ಇಂಥ ಬಾಣಗಳು ಸಾವಿರ ಗಜದಾಚೆಗೂ ಹೋಗುತ್ತಿದ್ದವು. ಗುರಿ ಖಚಿತವಿರಲಿಲ್ಲ, ನಿಜ. ಆದರೆ ನೂರಾರು ಬಾಣಗಳು ಒಟ್ಟಿಗೆ ಭೋರೆಂದು ಬಂದಾಗ ಕುದುರೆ, ಎತ್ತುಗಳು ಬೆದರಿ ದಂಡಿನ ವ್ಯೂಹವೇ ಕದಡುತ್ತಿತ್ತು.

1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಕರ್ನಲ್ ಬೈಲಿಯ ಮದ್ದಿನ ಬಂಡಿಗಳು ಸಿಡಿದು ಆತನು ಸೆರೆಯಾದನು. ಬಂಡಿಗಳಿಗೆ ಕಿಡಿ ತಾಕಿಸಿದುದು ಬಾಣವೇ ಎಂದು ಹಲವರ ಮತ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನಪೇಟೆಯ ತೋಪಿನಲ್ಲಿ ಬಾಣ, ಬಂದೂಕುಗಳ ಏಟಿಗೆ ಹಿಮ್ಮೆಟ್ಟಿದವನು ಮುಂದೆ ನೆಪೋಲಿಯನ್ನನನ್ನು ಗೆದ್ದ ವೆಲ್ಲೆಸ್ಲಿ. ಆದರೂ ಮೇ 4ರಂದು ಕೋಟೆ ಬಿದ್ದಿತು, ಟಿಪ್ಪು ಮಡಿದನು. ಹಾರಿಸಲು ಸಿದ್ಧವಿದ್ದ 700 ಬಾಣಗಳೂ 9000 ಖಾಲಿ ಬಾಣಗಳೂ ಗೆದ್ದವರ ಕೈಸೇರಿದವೆಂದು ಲೆಕ್ಕ.

ಅವುಗಳಲ್ಲಿ ಕೆಲವು ವುಲಿಚ್ ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತನು ಮದ್ದಿನ ಪಾಕ, ಕೊಳವೆಯ ಅಳತೆ, ಕೋಲಿನ ತೂಕ ಒಂದೊಂದನ್ನೂ ಪರೀಕ್ಷಿಸಿ, ಎಲ್ಲವನ್ನೂ ಒಂದೇ ಅಳತೆಯಲ್ಲಿ ತಯಾರಿಸುವ ಏರ್ಪಾಡು ಮಾಡಿದನು. 1806ರಲ್ಲಿ ಫ್ರಾನ್ಸಿನ ಬುಲೋನ್, 1807ರಲ್ಲಿ ಕೋಪನ್‌ಹೇಗನ್ ಆ ಬಾಣಗಳಿಂದ ಉರಿದವು. 1814ರಲ್ಲಿ ಬಾಲ್ಟಿಮೋರಿನ ಮೇಲೆ ಹಾರಿದವುಗಳ ಪ್ರಸ್ತಾಪ ಅಮೆರಿಕದ ರಾಷ್ಟ್ರಗೀತೆಯಲ್ಲಿಯೇ ಇದೆ.

ನಮ್ಮ ಕಮ್ಮಾರರ ಕೈಯಲ್ಲಿ ಕಸುಬಿನ ಕೊರತೆಯಿರಲಿಲ್ಲ. ಅಂದಿನ ಯುರೋಪಿನಲ್ಲಿ ಅಂಥ ಬಾಣವಿರಲಿಲ್ಲ. ಆದರೆ ಅಲ್ಲಿ ಕಸುಬಿಗೆ ಗಣಿತ ಜೊತೆಯಾಯಿತು, ಪರೀಕ್ಷೆಯ ಫಲ ಕಾಗದಕ್ಕೆ ಇಳಿಯಿತು, ಒಬ್ಬನು ಕಂಡುದು ಮುಂದಿನವನಿಗೆ ಒದಗಿತು. ಇಲ್ಲಿ ರಾಜ್ಯದೊಡನೆ ಬಾಣದ ಕಾರ್ಖಾನೆಗಳೂ ನಿಂತವು, ತಂದೆಯ ಕಸುಬು ಮಗನಿಗೆ ಬೇಡವಾಯಿತು. ಹಗಲು ಯಂತ್ರದ ಮುಂದೆ ನಿಂತು ಸಂಜೆ ಈ ವಾಚನಾಲಯದಲ್ಲಿ ಪುಸ್ತಕ ತೆರೆಯುವ ನಮ್ಮ ತರುಣರು ಈ ಮಾತನ್ನು ನೆನಪಿಡಬೇಕು. ಕೈ ಬಲ್ಲದ್ದನ್ನು ಲೆಕ್ಕದಲ್ಲಿಯೂ ಬಲ್ಲವನ ವಿದ್ಯೆ ಅವನೊಡನೆ ಅಳಿಯುವುದಿಲ್ಲ.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದರ ಕೆಸರಿನಿಂದ ಇಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು ಹೊರಬಂದವು. ರಜೆಯಲ್ಲಿ ಊರ ಕಡೆ ಹೋಗುವವರು ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅವುಗಳ ವಿಚಾರ ಕೇಳಬಹುದು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಪೊಳ್ಳಿಲೂರಿನ ಕಾಳಗದ ಚಿತ್ರವೂ ಇದೆ. ಮಕ್ಕಳನ್ನು ಕರೆದೊಯ್ದು ತೋರಿಸಿರಿ.