ಗಲ್ಲಾಪೆಟ್ಟಿಗೆಗೆ ಬೀಗ, ಕಂಪ್ಯೂಟರಿಗೆ ಬಾಗಿಲೇ ಇಲ್ಲ!

ಚಿತ್ರದುರ್ಗ: ರಾತ್ರಿ ಷಟರ್ ಎಳೆದು, ಎರಡು ಬೀಗ ಜಡಿದು, ಬೀಗವನ್ನು ಜಗ್ಗಿ ನೋಡಿ, ದೇವರಿಗೆ ಕೈಮುಗಿದು ಮನೆಗೆ ಹೋಗುವುದು ನಮ್ಮ ವರ್ತಕರ ಪದ್ಧತಿ. ಒಳಗೆ ಮೇಜಿನ ಮೇಲಿರುವ ಕಂಪ್ಯೂಟರಿನ ಗತಿಯೇನು? ಪಾಸ್‌ವರ್ಡ್ ಯಾರ ಹತ್ರ ಇದೆ ಅಂದರೆ "ಅದೆಲ್ಲ ಹುಡುಗನಿಗೆ ಗೊತ್ತು" ಅನ್ನುವ ಯಜಮಾನರಿಗೆ ಜಿಲ್ಲೆಯಲ್ಲಿ ಕೊರತೆಯಿಲ್ಲ.

ಹೊಳಲ್ಕೆರೆಯ ಅಡಿಕೆ ವ್ಯಾಪಾರವಿರಲಿ, ಹೊಸದುರ್ಗದ ಕೊಬ್ಬರಿ ವ್ಯಾಪಾರವಿರಲಿ, ಹಿರಿಯೂರಿನ ಲಾರಿ ಆಫೀಸಿರಲಿ, ದುರ್ಗದ ಜೆರಾಕ್ಸ್ ಅಂಗಡಿಯಿರಲಿ, ಕೆಂಪು ಬಟ್ಟೆಯ ಖಾತೆ ಪುಸ್ತಕದ ಜಾಗಕ್ಕೆ ಕಂಪ್ಯೂಟರ್ ಬಂದು ಕೂತಿದೆ. ಜಿಎಸ್‌ಟಿ ಬಿಲ್ಲು, ರೈತರ ಪಹಣಿ, ಗಿರಾಕಿಗಳ ಆಧಾರ್, ಪಾನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಎಲ್ಲಾ ಅದರ ಹೊಟ್ಟೆಯಲ್ಲೇ. ಮಧ್ಯಾಹ್ನ ವ್ಯಾಪಾರವಿಲ್ಲದ ಹೊತ್ತಿನಲ್ಲಿ ಹುಡುಗ ಅದೇ ಕಂಪ್ಯೂಟರಿಗೆ ಸಿನಿಮಾ ಇಳಿಸುವ ಟೊರೆಂಟ್ ತಂತ್ರಾಂಶ ಹಾಕಿಕೊಂಡರೆ? ಅವನ ಮನಸ್ಸಿನಲ್ಲಿ ಕಳ್ಳತನವಿಲ್ಲ. ಪುಕ್ಕಟೆ ಸಿನಿಮಾ, ಅಷ್ಟೇ.

ಆದರೆ ಪುಕ್ಕಟೆಯಲ್ಲ ಸ್ವಾಮಿ. ಈ ತಂತ್ರಾಂಶ ಒಂದು ಕೈಯಲ್ಲಿ ತಗೊಂಡು ಇನ್ನೊಂದು ಕೈಯಲ್ಲಿ ಕೊಡುತ್ತದೆ. ಸಿನಿಮಾ ಇಳಿಯುತ್ತಿರುವಾಗಲೇ, ಇಳಿದಷ್ಟು ಚೂರುಗಳು ನಿಮ್ಮ ಕಂಪ್ಯೂಟರಿನಿಂದ ಗೊತ್ತುಗುರಿ ಇಲ್ಲದವರಿಗೆ ಹೋಗುತ್ತಿರುತ್ತವೆ. ಅಂದರೆ ಕದ್ದ ಮಾಲು ಪಡೆದದ್ದಲ್ಲದೆ ಹಂಚಿದಂತೆಯೂ ಆಯಿತು. 1957ರ ಕಾಪಿರೈಟ್ ಕಾಯ್ದೆಯ 63ನೇ ಕಲಮಿನಲ್ಲಿ ಇದಕ್ಕೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ವಿಚಾರಣೆ ಅಂತ ಬಂದರೆ ಮೊದಲು ಸಿಗುವ ವಿಳಾಸ ಇಂಟರ್‌ನೆಟ್ ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರದು. ಹುಡುಗನದಲ್ಲ, ಯಜಮಾನರದು.

ಸಿನಿಮಾ ಹೆಸರಿನಲ್ಲಿ ವೈರಸ್ ಇಳಿದರಂತೂ ಮುಗಿಯಿತು. ಜಪಾನಿನಲ್ಲಿ ಆದದ್ದನ್ನು ಕೇಳಿ. 2002ರಲ್ಲಿ ಅಲ್ಲಿ ವಿನ್ನಿ ಅನ್ನುವ ಫೈಲ್ ಹಂಚುವ ತಂತ್ರಾಂಶ ಬಂತು. ಅದರ ಬೆನ್ನಿಗೇ ಒಂದು ವೈರಸ್ಸೂ ಬಂದು, ಕಂಪ್ಯೂಟರಿನಲ್ಲಿದ್ದ ಕಾಗದಪತ್ರಗಳನ್ನು ತಾನೇ ಎತ್ತಿ ಊರಿಗೆಲ್ಲ ಹಂಚಲು ಶುರು ಮಾಡಿತು. ಪೊಲೀಸರ ತನಿಖಾ ಕಡತ, ಸೇನೆಯ ದಾಖಲೆ ಬೀದಿಗೆ ಬಿದ್ದವು. ವಿನ್ನಿ ಹಾಕಿದ್ದ ಸ್ವಂತ ಕಂಪ್ಯೂಟರಿನಲ್ಲಿ ನೌಕರರು ಆಫೀಸಿನ ಕೆಲಸವನ್ನೂ ಮಾಡುತ್ತಿದ್ದುದೇ ಎಷ್ಟೋ ಕಡೆ ಕಾರಣ. 2006ರ ಮಾರ್ಚಿನಲ್ಲಿ ಆಗಿನ ಮುಖ್ಯ ಸಂಪುಟ ಕಾರ್ಯದರ್ಶಿ ಶಿಂಜೊ ಅಬೆ ಅವರೇ ಮುಂದೆ ಬಂದು, ವಿನ್ನಿ ಬಳಸಬೇಡಿ ಎಂದು ಜನರನ್ನು ಕೇಳಿಕೊಳ್ಳಬೇಕಾಯಿತು.

ದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಏಳು ಸುತ್ತಿನ ಕೋಟೆಗೆ ಹೈದರಾಲಿಯ ಸೈನಿಕರು ನುಸುಳಲು ನೋಡಿದ್ದು ಹೆಬ್ಬಾಗಿಲಿನಿಂದಲ್ಲ, ಒಂದು ಕಿಂಡಿಯಿಂದ. ಅದೂ ಕಾವಲುಗಾರ ಊಟಕ್ಕೆ ಕೂತ ಹೊತ್ತಿನಲ್ಲಿ ಎಂಬುದು ಜನ ಹೇಳಿಕೊಂಡು ಬಂದ ಕಥೆ. ಅಲ್ಲಿ ಓಬವ್ವ ಒನಕೆ ಹಿಡಿದು ನಿಂತಳು. ಇಲ್ಲಿ ಒನಕೆ ಬೇಡ, ಮೊದಲಿಗೆ ಒಂದು ಪಾಸ್‌ವರ್ಡ್ ಸಾಕು.

ವಿಂಡೋಸ್ ಕಂಪ್ಯೂಟರಿನಲ್ಲಿ ಎರಡು ಬಗೆಯ ಖಾತೆ ಮಾಡಬಹುದು. ಅಡ್ಮಿನಿಸ್ಟ್ರೇಟರ್ ಖಾತೆ ಯಜಮಾನರ ಕೈಯಲ್ಲಿರಲಿ. ಕೆಲಸದವರಿಗೆ ಸ್ಟ್ಯಾಂಡರ್ಡ್ ಖಾತೆ ಕೊಡಿ. ಬಿಲ್ಲು ಹಾಕಲು, ಪ್ರಿಂಟ್ ತೆಗೆಯಲು ಅದು ಧಾರಾಳವಾಯಿತು. ಹೊಸ ತಂತ್ರಾಂಶ ಹಾಕಲು ಹೋದರೆ ಸಾಮಾನ್ಯವಾಗಿ ಯಜಮಾನರ ಪಾಸ್‌ವರ್ಡ್ ಕೇಳುತ್ತದೆ. ಖರ್ಚು ನಯಾಪೈಸೆ ಇಲ್ಲ. ಕೇಂದ್ರದ ಎನ್‌ಐಸಿ ಸಂಸ್ಥೆ 2022ರ ಜೂನ್‌ನಲ್ಲಿ ಸರ್ಕಾರಿ ನೌಕರರಿಗೆ, ಗುತ್ತಿಗೆಯವರಿಗೂ ಸೇರಿಸಿ, ಹೊರಡಿಸಿದ ನಿಯಮಗಳಲ್ಲೂ ಇದನ್ನೇ ಹೇಳಿದೆ: ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಖಾತೆ, ಕಳ್ಳ ಪ್ರತಿಯ ತಂತ್ರಾಂಶ ಬೇಡ.

ಹಾಗಂತ ಪಾಸ್‌ವರ್ಡ್ ಹಾಕಿ ನಿದ್ದೆ ಮಾಡುವಂತಿಲ್ಲ. ಕೆಲವು ತಂತ್ರಾಂಶಗಳು ಯಾರನ್ನೂ ಕೇಳದೆ ಪೆನ್‌ಡ್ರೈವಿನಿಂದಲೇ ಓಡುತ್ತವೆ. ತಿಂಗಳಿಗೊಮ್ಮೆ ಕಂಪ್ಯೂಟರಿನಲ್ಲಿ ಏನೇನು ತಂತ್ರಾಂಶ ಇದೆ ಅಂತ ಪಟ್ಟಿ ನೋಡಬೇಕು, ಡೌನ್‌ಲೋಡ್ ಫೋಲ್ಡರನ್ನೂ ತೆರೆದು ನೋಡಬೇಕು. ದೊಡ್ಡ ಆಫೀಸುಗಳಲ್ಲಿ, ಒಪ್ಪಿಗೆ ಕೊಟ್ಟ ತಂತ್ರಾಂಶ ಬಿಟ್ಟು ಬೇರೇನೂ ಓಡದಂತೆ ತಿಳಿದವರಿಂದ ಕಟ್ಟು ಹಾಕಿಸಬಹುದು.

ಇನ್ನೊಂದು ಮಾತು. ಟೊರೆಂಟ್ ಕಂಡ ಕೂಡಲೇ ಹುಡುಗನನ್ನು ಬೈದು ಮನೆಗೆ ಕಳಿಸುವುದು, ಸಂಬಳ ಹಿಡಿಯುವುದು ಸಲ್ಲದು. ಯಾರೂ ಹೇಳದ ನಿಯಮವನ್ನು ಅವನು ಮುರಿದದ್ದಾದರೂ ಹೇಗೆ? ಬೀಗದ ಕೈ ಕೊಟ್ಟವರು ಯಜಮಾನರೇ ಅಲ್ಲವೇ? ಏನು ಹಾಕಬಾರದು, ಯಾಕೆ ಹಾಕಬಾರದು, ಬೇಕಾದರೆ ಯಾರನ್ನು ಕೇಳಬೇಕು ಅಂತ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿ. ಕೆಲಸಕ್ಕೆ ಸೇರಿದ ದಿನವೇ ಓದಿಸಿ.

ಬಸ್ಸಿಳಿದು ಅವಸರದಲ್ಲಿ ಆಧಾರ್ ಪ್ರಿಂಟ್ ತೆಗೆಸುವ ಗಿರಾಕಿಗಳಿಗೂ ಕೆಲಸವಿದೆ. ಪ್ರಿಂಟ್ ಕೈಗೆ ಬಂದ ಮೇಲೆ ಒಂದು ನಿಮಿಷ ನಿಲ್ಲಿ. ಫೈಲನ್ನು ಕಣ್ಣೆದುರೇ ಅಳಿಸಿ ಅನ್ನಿ, ರೀಸೈಕಲ್ ಬಿನ್ನಿನಿಂದಲೂ. ಆಮೇಲೆ ಚಿಲ್ಲರೆ ಇಸ್ಕೊಂಡು ಹೊರಡಿ.