ಮಿದುಳಿನ ಲೇಖ: ಪಾಠ ಮತ್ತು ಅಪಪಾಠ

ಹಸ್ತಪ್ರತಿಯೊಂದನ್ನು ಸಂಪಾದಿಸಲು ಹೊರಟವನು ಕವಿಯ ಪಾಠವಾವುದು, ಲಿಪಿಕಾರನ ಸ್ಖಾಲಿತ್ಯವಾವುದು ಎಂಬ ವಿವೇಚನೆಯಿಂದಲೇ ಕಾರ್ಯಾರಂಭ ಮಾಡುತ್ತಾನೆ. ಗ್ರಂಥಸಂಪಾದನ ಶಾಸ್ತ್ರವನ್ನು ಅಭ್ಯಸಿಸಿದ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಸ್ಪತ್ರೆಗಳಲ್ಲಿ ಇಇಜಿ ಎಂಬ ಹೆಸರಿನಿಂದ ರೂಢಿಯಲ್ಲಿರುವ ಮಿದುಳಿನ ವಿದ್ಯುಲ್ಲೇಖವನ್ನೂ ಇಂತಹ ಒಂದು ಪ್ರತಿಯೆಂದೇ ಭಾವಿಸಬಹುದು. ಅದನ್ನು ಬರೆಯುವುದಕ್ಕೂ ಓದುವುದಕ್ಕೂ ಕಟ್ಟುನಿಟ್ಟಾದ ಕ್ರಮಗಳಿವೆ. ವ್ಯತ್ಯಾಸವಿಷ್ಟೇ: ಇಲ್ಲಿ ಅಪಪಾಠವನ್ನು ಸ್ವೀಕರಿಸಿದರೆ ಅದರ ಫಲವನ್ನು ಉಣ್ಣಬೇಕಾದವನು ಬದುಕಿರುವ ಮನುಷ್ಯ.

ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ೧೯೨೪ರಲ್ಲಿ ಮೊದಲ ಬಾರಿಗೆ ದಾಖಲಿಸಿ, ೧೯೨೯ರಲ್ಲಿ ಪ್ರಕಟಿಸಿದನು. ವಿದ್ವತ್ ಲೋಕ ಒಡನೆಯೇ ನಂಬಲಿಲ್ಲ. ೧೯೩೪ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಪುನಃ ಪರೀಕ್ಷಿಸಿ ದೃಢಪಡಿಸಿದ ಮೇಲೆಯೇ ಮನ್ನಣೆ ದೊರೆಯಿತು. ಆ ಸಂದೇಹ ನಿರಾಧಾರವಾದುದೇನಲ್ಲ. ತಲೆಯ ಚರ್ಮದ ಮೇಲೆ ದೊರೆಯುವ ಈ ವಿದ್ಯುತ್ತು ಸಾಮಾನ್ಯವಾಗಿ ಹತ್ತರಿಂದ ನೂರು ಮೈಕ್ರೋವೋಲ್ಟ್‌ಗಳಷ್ಟು. ಅಂದರೆ ಹೆಚ್ಚೆಂದರೆ ಒಂದು ವೋಲ್ಟಿನ ಹತ್ತು ಸಾವಿರದಲ್ಲೊಂದು ಪಾಲು. ರೆಪ್ಪೆಯ ಬಡಿತ, ದವಡೆಯ ಬಿಗಿತ, ಹೃದಯದ ಮಿಡಿತ, ಗೋಡೆಯೊಳಗಿನ ತಂತಿ ಇವೆಲ್ಲವೂ ಅದಕ್ಕಿಂತ ಗಟ್ಟಿಯಾಗಿ ಮಾತನಾಡಬಲ್ಲವು.

ಆದುದರಿಂದ ಮೊದಲು ಬೇಕಾದದ್ದು ಸ್ಥಳನಿರ್ದೇಶ. ಮಾಂಟ್ರಿಯಲ್‌ನ ಹರ್ಬರ್ಟ್ ಜಾಸ್ಪರ್ ೧೯೫೮ರಲ್ಲಿ ಪ್ರಕಟಿಸಿದ 'ಹತ್ತು-ಇಪ್ಪತ್ತು' ಪದ್ಧತಿ ಇಂದಿಗೂ ಇದರ ಅಡಿಗಲ್ಲು. ಮೂಗಿನ ಬುಡದ ತಗ್ಗಿನಿಂದ ಹಿಂದಲೆಯ ಉಬ್ಬಿನವರೆಗೆ ಅಳತೆಪಟ್ಟಿ ಹಿಡಿದು, ಆ ದೂರವನ್ನು ಶೇಕಡಾ ಹತ್ತು, ಇಪ್ಪತ್ತು, ಇಪ್ಪತ್ತು, ಇಪ್ಪತ್ತು, ಇಪ್ಪತ್ತು, ಹತ್ತು ಎಂದು ಭಾಗಿಸಿ ಗುರುತು ಹಾಕಲಾಗುತ್ತದೆ. ಕಿವಿಯಿಂದ ಕಿವಿಗೂ ಹಾಗೆಯೇ. ಅಳತೆ ಸೆಂಟಿಮೀಟರಿನದಲ್ಲ, ಪ್ರಮಾಣದ್ದು. ಹೀಗಾಗಿ ಮಗುವಿನ ತಲೆಗೂ ದೊಡ್ಡವರ ತಲೆಗೂ ಒಂದೇ ನಕ್ಷೆ ಸಾಕು. ಹೆಸರಿಡುವ ಕ್ರಮದಲ್ಲಿಯೂ ಸೂತ್ರಕಾರರು ಮೆಚ್ಚುವ ಲಾಘವವಿದೆ. ಹಣೆಗೆ ಎಫ್, ನಡುವಿಗೆ ಸಿ, ಕಣತಲೆಗೆ ಟಿ, ಹಿಂದಲೆಗೆ ಓ. ಎಡಕ್ಕೆ ಬೆಸ ಸಂಖ್ಯೆ, ಬಲಕ್ಕೆ ಸಮ ಸಂಖ್ಯೆ; ನಡುಗೆರೆಗೆ ಸೊನ್ನೆಯನ್ನು ಸೂಚಿಸುವ ಝಡ್. 'ಸಿ-೩' ಎಂದರೆ ಲೋಕದ ಯಾವ ಆಸ್ಪತ್ರೆಯಲ್ಲಿಯೂ ಎಡಗಡೆಯ ನಡುಭಾಗವೇ.

ಇಲ್ಲಿಯೂ ಪಾಠಾಂತರದ ಕಾಟ ತಪ್ಪಿದ್ದಲ್ಲ. ಅಮೆರಿಕದ ಇಇಜಿ ಸಂಘ ೧೯೯೧ರಲ್ಲಿ ಟಿ-೩, ಟಿ-೪ಗಳನ್ನು ಟಿ-೭, ಟಿ-೮ ಎಂದೂ, ಟಿ-೫, ಟಿ-೬ಗಳನ್ನು ಪಿ-೭, ಪಿ-೮ ಎಂದೂ ಬದಲಿಸಿತು. ಅಂಕೆ ಒಂದೇ ಆದರೆ ಮುಂದಿನಿಂದ ಹಿಂದಕ್ಕೆ ಹೋಗುವ ಸಾಲೂ ಒಂದೇ ಆಗಬೇಕೆಂಬ ತರ್ಕ ಅದರ ಹಿಂದಿದೆ. ಹಳೆಯ ಹೆಸರುಗಳು ಮಾತ್ರ ಬಳಕೆಯಿಂದ ಜಾರಿಹೋಗಲಿಲ್ಲ. ರೋಗಿಯ ಹಳೆಯ ಲೇಖವನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವವರು ಎರಡೂ ಪರಿಭಾಷೆಗಳನ್ನು ಬಲ್ಲವರಾಗಿರಬೇಕು.

ಮುಂದಿನದು ಬರಹದ ಶುದ್ಧಿ. ಕನಿಷ್ಠ ೧೬ ವಾಹಿನಿಗಳು, ಕನಿಷ್ಠ ೨೦ ನಿಮಿಷಗಳ ಸ್ವಚ್ಛ ದಾಖಲೆ, ಆದಿಯಲ್ಲಿ ಯಂತ್ರದ ಅಳತೆಯ ಪರೀಕ್ಷೆ. ಇವು ಅಮೆರಿಕದ ಸಂಘದ ಮಾರ್ಗಸೂಚಿಯ ಮುಖ್ಯಾಂಶಗಳು. ಎಲೆಕ್ಟ್ರೋಡಿಗೂ ಚರ್ಮಕ್ಕೂ ನಡುವಿನ ವಿದ್ಯುತ್ ತಡೆಗೂ ಮಿತಿಯುಂಟು. ಹಿಂದೆ ೫ ಸಾವಿರ ಓಮ್ ಎಂದಿದ್ದುದನ್ನು ಇಂದಿನ ಯಂತ್ರಗಳ ಸಾಮರ್ಥ್ಯವನ್ನು ಪರಿಗಣಿಸಿ ೧೦ ಸಾವಿರಕ್ಕೆ ಸಡಿಲಿಸಲಾಗಿದೆ. ನಮ್ಮಲ್ಲಿ ಪರೀಕ್ಷೆಗೆ ಬರುವವರಿಗೆ ಎಣ್ಣೆ ಹಚ್ಚದೆ ತಲೆ ತೊಳೆದುಕೊಂಡು ಬನ್ನಿ ಎಂದು ಹೇಳುವುದು ಈ ತಡೆಯ ಕಾರಣದಿಂದಲೇ.

ಎಲ್ಲಕ್ಕಿಂತ ಅಪಾಯಕಾರಿಯಾದುದು ಸೋಸುವಿಕೆ. ಸಾಮಾನ್ಯವಾಗಿ ಸೆಕೆಂಡಿಗೆ ಒಂದರಿಂದ ಎಪ್ಪತ್ತು ಆವರ್ತನಗಳ ಅಲೆಗಳನ್ನು ಉಳಿಸಿಕೊಳ್ಳಬೇಕೆಂಬುದು ನಿಯಮ. ಭಾರತದ ವಿದ್ಯುತ್ ಪೂರೈಕೆಯ ೫೦ ಹರ್ಟ್ಸ್ ಗುಂಯ್‌ಗುಡುವಿಕೆ ಈ ವ್ಯಾಪ್ತಿಯ ಒಳಗೇ ಬೀಳುತ್ತದೆ. ಎಲೆಕ್ಟ್ರೋಡನ್ನು ಮತ್ತೆ ಸರಿಪಡಿಸುವ ಬದಲು, ಮೇಲಿನ ಮಿತಿಯನ್ನು ಹದಿನೈದಕ್ಕೋ ಮೂವತ್ತಕ್ಕೋ ಇಳಿಸಿದರೆ ಪುಟವೇನೋ ನಯವಾಗಿ ಕಾಣುತ್ತದೆ. ಆದರೆ ದವಡೆಯ ಸ್ನಾಯುವಿನ ಮಿಡಿತ ಆಗ ತನ್ನ ಒರಟುತನವನ್ನು ಕಳೆದುಕೊಂಡು, ಅಪಸ್ಮಾರದ ಮೊನಚು ಅಲೆಯನ್ನೇ ಹೋಲತೊಡಗುತ್ತದೆ. ನಿಜವಾದ ಮೊನಚು ಅಲೆ ಮೊಂಡಾಗುತ್ತದೆ. ದೋಷಗಳನ್ನು ಮೌನವಾಗಿ ತಿದ್ದಿ ಮುದ್ರಿಸಿದ ಆವೃತ್ತಿಗಿಂತ, ದೋಷಗಳನ್ನು ಇದ್ದಂತೆಯೇ ತೋರಿಸುವ ಪ್ರತಿಯೇ ಮೇಲೆಂದು ನಾವು ಬಲ್ಲೆವಷ್ಟೆ.

ಮಿದುಳು ನಿಶ್ಶಬ್ದವಾಗಿದೆಯೆಂದು ನಿರ್ಣಯಿಸಬೇಕಾದಾಗ ನಿಯಮಗಳು ಮತ್ತಷ್ಟು ಬಿಗಿಯಾಗುತ್ತವೆ. ಕನಿಷ್ಠ ೩೦ ನಿಮಿಷಗಳ ದಾಖಲೆ, ಎಲೆಕ್ಟ್ರೋಡ್ ಜೋಡಿಗಳ ನಡುವೆ ೧೦ ಸೆಂಟಿಮೀಟರ್ ಅಂತರ, ಮಿಲಿಮೀಟರಿಗೆ ೨ ಮೈಕ್ರೋವೋಲ್ಟ್‌ನಷ್ಟು ಸೂಕ್ಷ್ಮತೆ. ಇಲ್ಲಿ ವಿದ್ಯುತ್ ತಡೆಗೆ ಮೇಲಿನ ಮಿತಿಯಂತೆಯೇ ೧೦೦ ಓಮ್‌ನ ಕೆಳಮಿತಿಯೂ ಇದೆ. ಹಚ್ಚಿದ ಲೇಪ ಹರಡಿ ಎರಡು ಎಲೆಕ್ಟ್ರೋಡ್‌ಗಳು ಒಂದಾಗಿಬಿಟ್ಟರೆ ಜೀವಂತ ಮಿದುಳೂ ಸಪಾಟು ಗೆರೆಯಾಗಿ ಕಾಣುವುದುಂಟು. ಭಾರತದಲ್ಲಿ ೧೯೯೪ರ ಅಂಗಾಂಗ ಕಸಿ ಕಾಯಿದೆ ಮಿದುಳಕಾಂಡದ ಮರಣವನ್ನು ವೈದ್ಯರು ನೇರವಾಗಿ ನಡೆಸುವ ಪರೀಕ್ಷೆಗಳ ಮೇಲೆ ನಿಲ್ಲಿಸಿದೆ, ಇಇಜಿಯನ್ನು ಕಡ್ಡಾಯಗೊಳಿಸಿಲ್ಲ.

ದಿನನಿತ್ಯದ ಅನಾಹುತ ಮಾತ್ರ ಇನ್ನೊಂದು ಬಗೆಯದು. ಸಾಧಾರಣ ಅಲೆಯೊಂದನ್ನು ಅಪಸ್ಮಾರದ ಅಲೆಯೆಂದು ಓದಿದರೆ, ಬರಿಯ ತಲೆಸುತ್ತಿನಿಂದ ಬಿದ್ದ ಹುಡುಗಿ ವರ್ಷಗಟ್ಟಲೆ ಮಾತ್ರೆ ನುಂಗುತ್ತಾಳೆ. ಹಿಂದೂ ವಿವಾಹ ಕಾಯಿದೆಯಲ್ಲಿ ಮರುಕಳಿಸುವ ಅಪಸ್ಮಾರ ವಿವಾಹಕ್ಕೆ ಅಡ್ಡಿಯೆನಿಸಿತ್ತು. ೧೯೯೯ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಕಾಯಿದೆ ಬಿಟ್ಟುಕೊಟ್ಟುದನ್ನು ಸಂಬಂಧ ನೋಡಲು ಬರುವ ಬೀಗರು ಇನ್ನೂ ಬಿಟ್ಟುಕೊಟ್ಟಿಲ್ಲ.

ಲೇಖದ ಜೊತೆಗೆ ರೋಗಿಯ ವೃತ್ತಾಂತವನ್ನೂ ಬರೆದಿಡಬೇಕೆಂಬುದು ನಿಯಮವೇ: ಕೊನೆಯ ಬಾರಿ ಯಾವಾಗ ಬಂತು, ಯಾವ ಔಷಧಿ, ಊಟವಾಗಿ ಎಷ್ಟು ಹೊತ್ತಾಯಿತು ಇತ್ಯಾದಿ. ಹೊರನಾಡಿನ ಕನ್ನಡಿಗರ ಪಾಲಿಗೆ ತೊಡಕು ಹುಟ್ಟುವುದು ಇಲ್ಲಿಯೇ. ಉತ್ತರ ಕರ್ನಾಟಕದಿಂದ ಮುಂಬಯಿಗೋ ಪುಣೆಗೋ ಬಂದ ತಾಯಿ "ಬವಳಿ ಬಂದು ಬಿದ್ದಳು" ಎನ್ನುತ್ತಾಳೆ. ಬವಳಿ ಕಣ್ಣುಕತ್ತಲಿಟ್ಟು ತಲೆಸುತ್ತಿ ಬೀಳುವುದು, ಮೂರ್ಛೆರೋಗವಲ್ಲ. ಕನ್ನಡ ಬಾರದ ತಂತ್ರಜ್ಞ ಅದನ್ನು 'ಫಿಟ್ಸ್' ಎಂದು ಬರೆದುಕೊಂಡರೆ, ಲೇಖವನ್ನು ಓದುವ ವೈದ್ಯನ ಕಣ್ಣು ಆಗಲೇ ಮೊನಚು ಅಲೆಗಳನ್ನು ಅರಸತೊಡಗುತ್ತದೆ. ಬವಳಿ, ತಲೆಸುತ್ತು, ಮೈಮರೆವು, ಮೂರ್ಛೆ, ಸೆಳವು ಮೊದಲಾದ ಮಾತುಗಳ ಪ್ರಾದೇಶಿಕ ಅರ್ಥಗಳನ್ನು ಸಂಗ್ರಹಿಸಿ, ಮರಾಠಿ, ತಮಿಳು, ತೆಲುಗು, ಹಿಂದಿ ಸಮಾನಪದಗಳೊಡನೆ ಒಂದು ಕಿರುಪುಸ್ತಿಕೆಯಾಗಿ ಆಸ್ಪತ್ರೆಗಳಿಗೆ ಒದಗಿಸುವ ಕೆಲಸ ಹೊರನಾಡಿನ ಕನ್ನಡ ವಿಭಾಗಗಳ ವಿದ್ಯಾರ್ಥಿಗಳ ಕೈಗೆಟುಕುವಂಥದು, ಎಂ.ಎ. ತರಗತಿಯ ಒಂದು ಕಿರುಪ್ರಬಂಧದ ವ್ಯಾಪ್ತಿಯೊಳಗೇ ಅದು ಮುಗಿದೀತು.