ವೇಳಾಪಟ್ಟಿಗೂ ಮುಂಚಿನ ಪಟ್ಟಿ

ಮೇ ಕೊನೆಯಲ್ಲಿ ಶಾಲೆ ತೆರೆಯುತ್ತಿದ್ದಂತೆ ವೇಳಾಪಟ್ಟಿ ಹಾಕುವ ಕೆಲಸ ಸ್ಟಾಫ್‌ರೂಮಿನಲ್ಲಿ ಯಾರಾದರೊಬ್ಬರ ತಲೆಗೆ ಬೀಳುತ್ತದೆ. ಹೆಚ್ಚಾಗಿ ಗಣಿತದ ಮೇಷ್ಟ್ರ ತಲೆಗೆ. ಅವರು ದೊಡ್ಡ ಹಾಳೆ ಹರಡಿ, ಸ್ಕೇಲಿಟ್ಟು ಗೆರೆ ಎಳೆದು, ಸೋಮವಾರದ ಮೊದಲ ಪೀರಿಯಡ್‌ನಿಂದ ತುಂಬುತ್ತಾ ಹೋಗುತ್ತಾರೆ. ಬುಧವಾರದವರೆಗೆ ಸಲೀಸು. ಗುರುವಾರ ಮಧ್ಯಾಹ್ನದಿಂದ ರಬ್ಬರಿಗೆ ಕೆಲಸ ಹೆಚ್ಚುತ್ತದೆ. ಶನಿವಾರಕ್ಕೆ ಬರುವಷ್ಟರಲ್ಲಿ 9ಬಿ ಸೆಕ್ಷನ್ನಿಗೆ ಇನ್ನೂ ಮೂರು ಹಿಂದಿ ಪೀರಿಯಡ್ ಬಾಕಿ, ಹಿಂದಿ ಮೇಡಂ ಹತ್ತಿರ ಉಳಿದಿರುವುದು ಒಂದೇ ಖಾಲಿ ಜಾಗ. ಬೈಗುಳ ಶನಿವಾರಕ್ಕೆ ಸಿಗುತ್ತದೆ. ಆದರೆ ಲೆಕ್ಕ ಮೊದಲೇ ಕೂಡುತ್ತಿರಲಿಲ್ಲ. ಕೂಡುತ್ತದೆಯೇ ಎಂದು ಯಾರೂ ನೋಡಿರಲಿಲ್ಲ, ಅಷ್ಟೆ.

ಚೌಕ ಗೀಚುವ ಮುಂಚೆ ಇನ್ನೊಂದು ಪಟ್ಟಿ ಬೇಕು. ಅದರಲ್ಲಿ ವಾರವೂ ಇಲ್ಲ, ಗಂಟೆಯೂ ಇಲ್ಲ. ಒಂದೊಂದು ಪಾಠಕ್ಕೆ ಒಂದೊಂದು ಸಾಲು: ಯಾವ ಸೆಕ್ಷನ್, ಯಾವ ವಿಷಯ, ಯಾರು ಪಾಠ ಮಾಡುತ್ತಾರೆ, ವಾರಕ್ಕೆ ಎಷ್ಟು ಪೀರಿಯಡ್, ಅವು ಬಿಡಿಬಿಡಿಯೋ ಜೋಡಿಯೋ, ಯಾವ ಕೋಣೆ. ‘8ಎ, ಗಣಿತ, ಪಿಸಿಎಂ, 7, ಬಿಡಿ, ತರಗತಿ ಕೋಣೆ’. ಪಿಸಿಎಂ ಎಂದರೆ ಭೌತ, ರಸಾಯನ, ಗಣಿತದ ಶಿಕ್ಷಕರು. ಇಷ್ಟೇ. ಕಂಪ್ಯೂಟರಿನಲ್ಲಿ ಮಾಡುವವರಿಗೂ ಇದರಿಂದ ಬಿಡುಗಡೆ ಇಲ್ಲ. ರೊಮೇನಿಯಾದ ಲಿವಿಯು ಲಾಲೆಸ್ಕು 2002ರಲ್ಲಿ ಶುರುಮಾಡಿದ ಉಚಿತ ತಂತ್ರಾಂಶ ‘ಎಫ್‌ಇಟಿ’ ಇರಲಿ, ಖಾಸಗಿ ಶಾಲೆಗಳು ದುಡ್ಡು ಕೊಟ್ಟು ತರಿಸುವ ‘ಎಎಸ್‌ಸಿ ಟೈಮ್‌ಟೇಬಲ್ಸ್’ ಇರಲಿ, ಎರಡೂ ಮೊದಲು ಕೇಳುವುದು ಈ ಸಾಲುಗಳನ್ನೇ. ‘ಜನರೇಟ್’ ಗುಂಡಿ ಒತ್ತಿ ಕಾಫಿಗೆ ಹೋಗುವ ಸುಖ ಸಿಗುವುದು ಸಾಲುಗಳೆಲ್ಲ ಸರಿಯಾದ ಮೇಲೆ.

ನಮ್ಮ ಕಡೆಯ ಒಂದು ಸಾಧಾರಣ ಪ್ರೌಢಶಾಲೆಯನ್ನೇ ತೆಗೆದುಕೊಳ್ಳೋಣ. 8, 9, 10ನೇ ತರಗತಿ, ತಲಾ ಎರಡು ಸೆಕ್ಷನ್, ಒಟ್ಟು ಆರು. ಸೋಮವಾರದಿಂದ ಶುಕ್ರವಾರ ದಿನಕ್ಕೆ 8 ಪೀರಿಯಡ್, ಶನಿವಾರ ಬೆಳಗಿನ ಶಾಲೆ 5, ಸೇರಿ ವಾರಕ್ಕೆ 45. ಪೀರಿಯಡ್ 40 ನಿಮಿಷದ್ದಾದರೆ ವಾರಕ್ಕೆ 30 ಗಂಟೆ ಪಾಠ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ಕೆಲಸದ ದಿನ, 1000 ಬೋಧನಾ ಗಂಟೆ ಕೇಳುತ್ತದೆ. 8ನೇ ತರಗತಿ ನಮ್ಮಲ್ಲಿ ಪ್ರೌಢಶಾಲೆಯಲ್ಲಿದ್ದರೂ ಆ ಲೆಕ್ಕಕ್ಕೇ ಸೇರಿದ್ದು. 220 ದಿನ ಎಂದರೆ ಆರು ದಿನದ ವಾರಗಳು ಸುಮಾರು 36, ಮೂವತ್ತರಿಂದ ಗುಣಿಸಿದರೆ ಸಾವಿರ ದಾಟುತ್ತದೆ. ಚೌಕಟ್ಟು ಸಾಕು. ಅದೇ ಅನುಸೂಚಿಯಲ್ಲಿ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ ಎಂದಿದೆ. ಅದು ಪಾಠದ ತಯಾರಿಯೂ ಸೇರಿದ ಗಂಟೆಗಳ ಲೆಕ್ಕ. ಅದನ್ನು 45 ಪೀರಿಯಡ್ ಎಂದು ಓದಿಕೊಂಡು, ‘ನಿಮಗೆ ಇನ್ನೂ ಜಾಗ ಇದೆಯಲ್ಲಾ’ ಎಂದು ಮೇಷ್ಟ್ರ ಮೇಲೆ ಹೇರುವವರನ್ನು ಕಂಡಾಗ ಅನುಸೂಚಿಯ ಆ ಸಾಲನ್ನು ತೋರಿಸಬಹುದು.

ಈಗ ವಿಷಯಗಳನ್ನು ಹಂಚಿ. ಉದಾಹರಣೆಗೆ ಕನ್ನಡ 7, ಇಂಗ್ಲಿಷ್ 6, ಹಿಂದಿ 5, ಗಣಿತ 7, ವಿಜ್ಞಾನ 7, ಸಮಾಜ ವಿಜ್ಞಾನ 6, ದೈಹಿಕ ಶಿಕ್ಷಣ 3, ಚಿತ್ರಕಲೆ 2, ಕಂಪ್ಯೂಟರ್ 1, ಮೌಲ್ಯ ಶಿಕ್ಷಣ 1. ಮೊತ್ತ 45. ಇಲಾಖೆಯ ಸುತ್ತೋಲೆಯೋ ಆಡಳಿತ ಮಂಡಳಿಯ ತೀರ್ಮಾನವೋ, ನಿಮ್ಮ ಶಾಲೆಯ ಅಂಕಿಗಳು ಬೇರೆ ಇರಬಹುದು. ಮೊತ್ತ ಮಾತ್ರ ಪ್ರತಿ ಸೆಕ್ಷನ್ನಿಗೂ 45ಕ್ಕೇ ನಿಲ್ಲಬೇಕು. ಲೈಬ್ರರಿ, ಸ್ಕೌಟ್ಸ್, 10ನೆಯವರಿಗೆ ವಿಶೇಷ ತರಗತಿ ಎಂದೆಲ್ಲ ಆಮೇಲೆ ನುಸುಳುವ ಪೀರಿಯಡ್‌ಗಳಿಗೂ ಈಗಲೇ ಸಾಲು ಹಾಕಿಬಿಡಿ.

ಸೆಕ್ಷನ್ನಿನ ಲೆಕ್ಕ ಕೂಡುವುದು ಸುಲಭ. ಕಷ್ಟ ಇರುವುದು ಅದೇ ಸಾಲುಗಳನ್ನು ಶಿಕ್ಷಕರ ಹೆಸರಿನಲ್ಲಿ ಮತ್ತೊಮ್ಮೆ ಕೂಡಿದಾಗ. ಹಿಂದಿ 30, ಇಂಗ್ಲಿಷ್ 36, ಸಮಾಜ 36, ಪಿಟಿ ಮೇಷ್ಟ್ರು 18. ಇವು ಹೇಗೋ ಆಯಿತು. ವಿಜ್ಞಾನ, ಗಣಿತಕ್ಕೆ ಬನ್ನಿ. ನಮ್ಮ ಪ್ರೌಢಶಾಲೆಗಳಲ್ಲಿ ವಿಜ್ಞಾನ ಒಂದೇ ಪುಸ್ತಕವಾದರೂ ಅನೇಕ ಕಡೆ ಪಾಠ ಮಾಡುವವರು ಇಬ್ಬರು. ಪಿಸಿಎಂ ಶಿಕ್ಷಕರು ಗಣಿತದ ಜೊತೆ ಭೌತಶಾಸ್ತ್ರದ ಭಾಗ ತೆಗೆದುಕೊಂಡರೆ, ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಶಿಕ್ಷಕರಿಗೆ ರಸಾಯನಶಾಸ್ತ್ರ, ಜೀವಶಾಸ್ತ್ರ. ಹಾಗಾಗಿ ‘ವಿಜ್ಞಾನ, 7’ ಎಂಬ ಒಂದು ಸಾಲು ಬರೆದರೆ ಸುಳ್ಳು ಸಾಲಾಗುತ್ತದೆ. ಭೌತ 3 ಎಂದೊಂದು, ರಸಾಯನ-ಜೀವ 4 ಎಂದೊಂದು, ಎರಡು ಸಾಲು ಬೇಕು. ಹಾಗೆ ಬರೆದು ಕೂಡಿ: ಆರು ಸೆಕ್ಷನ್ ಗಣಿತ 42, ಭೌತ 18, ಪಿಸಿಎಂ ಮೇಷ್ಟ್ರಿಗೆ 60. ವಾರದಲ್ಲಿ ಇರುವುದೇ 45. ಪಕ್ಕದಲ್ಲಿ ಸಿಬಿಝಡ್ ಮೇಡಂ 24ರಲ್ಲಿದ್ದಾರೆ.

ಇದನ್ನು ಚೌಕದಲ್ಲಿ ಎಷ್ಟು ತಿರುಗಿಸಿದರೂ ಬಗೆಹರಿಯದು. ಬಗೆಹರಿಸುವ ಜಾಗ ಮುಖ್ಯ ಶಿಕ್ಷಕರ ಕೋಣೆ. 8ನೆಯ ಎರಡು ಸೆಕ್ಷನ್ನಿನ ಗಣಿತವನ್ನು ಅತಿಥಿ ಶಿಕ್ಷಕರಿಗೆ ಕೊಟ್ಟರೆ 14 ಇಳಿಯುತ್ತದೆ. ಉಳಿದದ್ದು 46. ಇನ್ನೂ ಒಂದು ಹೆಚ್ಚು! 8ನೆಯ ಭೌತಶಾಸ್ತ್ರದ 6 ಪೀರಿಯಡ್‌ಗಳನ್ನು ಸಿಬಿಝಡ್ ಮೇಡಂ ಒಪ್ಪಿಕೊಂಡರೆ ಪಿಸಿಎಂ 40, ಸಿಬಿಝಡ್ 30. ಈಗ ಮುಂದೆ ಹೋಗಬಹುದು. ಈ ಮಾತುಕತೆ ಹಾಳೆಯ ಮೇಲೆ ಗೆರೆ ಎಳೆಯುವ ಮುಂಚೆ ನಡೆದರೆ ಹತ್ತು ನಿಮಿಷದ್ದು. ವೇಳಾಪಟ್ಟಿ ನೋಟಿಸ್ ಬೋರ್ಡಿಗೆ ಅಂಟಿಸಿದ ಮೇಲೆ ನಡೆದರೆ ಜಗಳ.

ಕನ್ನಡದ ಕಡೆಗೂ ಒಂದು ಕಣ್ಣಿರಲಿ. ಆರು ಸೆಕ್ಷನ್ನಿಗೆ ಒಬ್ಬರೇ ಕನ್ನಡ ಶಿಕ್ಷಕರಾದರೆ 42. ಮೂರು ಬಿಡುವು ಇದೆಯಲ್ಲ ಎನ್ನಿಸಬಹುದು. ಮೂರು ಬಿಡುವನ್ನು ಆರು ದಿನಕ್ಕೆ ಹಂಚಿದರೆ ಕನಿಷ್ಠ ಮೂರು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಅವರು ಒಮ್ಮೆಯೂ ಕುರ್ಚಿಯಲ್ಲಿ ಕೂರುವಂತಿಲ್ಲ. ಯಾರಾದರೂ ರಜೆ ಹಾಕಿದರೆ ಬದಲಿಗೆ ಕಳಿಸಲು ಅವರು ಸಿಗುವುದೂ ಇಲ್ಲ. ಲೆಕ್ಕದಲ್ಲಿ ಇದು ಸಾಧ್ಯ, ಶಾಲೆಯಲ್ಲಿ ನಡೆಸುವುದು ಕಷ್ಟ. ನನ್ನನ್ನು ಕೇಳಿದರೆ ಒಬ್ಬರ ಮೊತ್ತ 36 ದಾಟುತ್ತಿದ್ದಂತೆ ಆ ಹೆಸರಿನ ಕೆಳಗೆ ಕೆಂಪು ಗೆರೆ ಎಳೆಯಬೇಕು.

ಮುಂದಿನದು ಪೀರಿಯಡ್‌ಗಳನ್ನು ತುಂಡು ಮಾಡುವುದು. ‘ಒಂದು ವಿಷಯ ದಿನಕ್ಕೆ ಒಮ್ಮೆ ಮಾತ್ರ’ ಎಂಬ ನಿಯಮ ಎಲ್ಲರಿಗೂ ಇಷ್ಟ. ಆದರೆ ಗಣಿತ 7, ವಾರಕ್ಕೆ ದಿನ ಆರು. ಒಂದು ದಿನ ಎರಡು ಬಾರಿ ಬಂದೇ ಬರುತ್ತದೆ. ನಿಯಮವನ್ನು ಕಟ್ಟುನಿಟ್ಟು ಮಾಡಿ ತಂತ್ರಾಂಶಕ್ಕೆ ಕೊಟ್ಟರೆ ಅದು ಅಲ್ಲಿಯೇ ಕೈಚೆಲ್ಲುತ್ತದೆ, ಪಾಪ. ಎಫ್‌ಇಟಿಯಲ್ಲಿ ಇಂಥ ನಿಯಮಕ್ಕೆ ಮೊದಲಿನಿಂದಲೇ ಶೇ. 95ರ ತೂಕ ಇಟ್ಟಿರುವುದು ಇದೇ ಅನುಭವದಿಂದ: ಸಾಧ್ಯವಾದಷ್ಟೂ ಪಾಲಿಸು, ಆಗದಿದ್ದಲ್ಲಿ ಬಿಡು. ರಸಾಯನ-ಜೀವದ 4ರಲ್ಲಿ ಪ್ರಯೋಗಕ್ಕೆ ಜೋಡಿ ಬೇಕಿದ್ದರೆ ಸಾಲಿನಲ್ಲೇ 2+1+1 ಎಂದು ಬರೆಯಿರಿ. ಜೋಡಿ ಯಾವ ಬಿಡುವನ್ನೂ ದಾಟಬಾರದು. ಎರಡನೆಯ ಪೀರಿಯಡ್ ಆದ ಮೇಲೆ ಸಣ್ಣ ಬಿಡುವು, ನಾಲ್ಕನೆಯದರ ನಂತರ ಊಟ, ಆರನೆಯದರ ನಂತರ ಮತ್ತೆ ಬಿಡುವು ಇರುವ ಶಾಲೆಯಲ್ಲಿ ಜೋಡಿ ಕೂರುವ ಜಾಗ ದಿನಕ್ಕೆ ನಾಲ್ಕೇ. ಐದು ದಿನಕ್ಕೆ 20, ಆರು ಸೆಕ್ಷನ್ನಿಗೆ ಒಂದೊಂದು ಪ್ರಯೋಗದ ಜೋಡಿ. ಲ್ಯಾಬ್ ಒಂದೇ ಇದ್ದರೂ ಚಿಂತೆ ಇಲ್ಲ. ಚಿತ್ರಕಲೆಯವರೂ ಜೋಡಿ ಕೇಳುತ್ತಾರೆ, ಅವರ ಮಾತೂ ನ್ಯಾಯವೇ. ಬಣ್ಣ ಕಲಸುವಷ್ಟರಲ್ಲಿ 40 ನಿಮಿಷ ಮುಗಿದಿರುತ್ತದೆ.

ಅನುಭವಸ್ಥರೂ ಎಡವುವುದು ಕೂಡಿಸಿದ ತರಗತಿ, ಒಟ್ಟಿಗೇ ಒಡೆಯುವ ತರಗತಿಗಳಲ್ಲಿ. 8ಎ, 8ಬಿ ಮಕ್ಕಳನ್ನು ಒಟ್ಟಿಗೆ ಆಟಕ್ಕೆ ಬಿಡುತ್ತೀರಿ ಎಂದುಕೊಳ್ಳಿ. ಸೆಕ್ಷನ್ನಿಗೆ ತಲಾ 3 ಹಾಗೆಯೇ ಉಳಿಯುತ್ತದೆ, ಪಿಟಿ ಮೇಷ್ಟ್ರಿಗೆ 6ರ ಬದಲು 3 ಆಗುತ್ತದೆ. ಇದನ್ನು ಎರಡು ಸಾಲಾಗಿ ಬರೆದರೆ ಮೇಷ್ಟ್ರ ಲೆಕ್ಕ ತಪ್ಪುತ್ತದೆ, ಒಂದೇ ಸೆಕ್ಷನ್ನಿನ ಸಾಲಾಗಿ ಬರೆದರೆ 8ಬಿ ಲೆಕ್ಕ ತಪ್ಪುತ್ತದೆ. ಸಾಲು ಒಂದೇ, ಅದರಲ್ಲಿ ಸೆಕ್ಷನ್ ಎರಡು.

ಒಡೆಯುವುದು ಇನ್ನೂ ಬಿಗಿ. ದಕ್ಷಿಣ ಕನ್ನಡ, ಉಡುಪಿ ಕಡೆಯ ಕೆಲವು ಶಾಲೆಗಳಲ್ಲಿ ತೃತೀಯ ಭಾಷೆಯಾಗಿ ಹಿಂದಿಯ ಬದಲು ತುಳು ತೆಗೆದುಕೊಳ್ಳುವ ಮಕ್ಕಳಿದ್ದಾರೆ. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಆ ಜಾಗಕ್ಕೆ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ (ಎನ್‌ಎಸ್‌ಕ್ಯೂಎಫ್) ವೃತ್ತಿ ವಿಷಯ ಬರುತ್ತದೆ. 9ಎ, 9ಬಿ ಎರಡರಲ್ಲೂ ಅಂಥ ಮಕ್ಕಳಿದ್ದರೆ, ಹಿಂದಿಯವರೆಲ್ಲ ಒಂದು ಕೋಣೆಗೆ, ತುಳುವಿನವರೆಲ್ಲ ಇನ್ನೊಂದಕ್ಕೆ ಒಂದೇ ಹೊತ್ತಿನಲ್ಲಿ ಎದ್ದು ಹೋಗಬೇಕು. ಅಂದರೆ ಎರಡು ಸೆಕ್ಷನ್, ಇಬ್ಬರು ಶಿಕ್ಷಕರು, ಎರಡು ಕೋಣೆ, ಈ ಆರೂ ಒಂದೇ ಪೀರಿಯಡ್‌ನಲ್ಲಿ ಬಿಡುವಾಗಿ ಸಿಗಬೇಕು, ಅದೂ ವಾರಕ್ಕೆ ಐದು ಸಲ. ಹಿಂದಿ ಮೇಡಂ ಮೊತ್ತ 30ರಿಂದ 25ಕ್ಕೆ ಇಳಿದದ್ದು ಲಾಭವೇ. ಆದರೆ ಇಡೀ ವೇಳಾಪಟ್ಟಿಯ ಅತಿ ಬಿಗಿಯಾದ ಗಂಟು ಇದೇ ಐದು ಪೀರಿಯಡ್‌ಗಳಲ್ಲಿದೆ. ಪಟ್ಟಿಯಲ್ಲಿ ಇವಕ್ಕೆ ಗುರುತು ಹಾಕಿ, ಚೌಕದಲ್ಲಿ ಇವನ್ನೇ ಮೊದಲು ಇಡಿ. ಆಮೇಲೆ ಲ್ಯಾಬ್ ಜೋಡಿಗಳು, ಆಮೇಲೆ ಹೆಚ್ಚು ಹೊರೆಯ ಶಿಕ್ಷಕರು. ಮೌಲ್ಯ ಶಿಕ್ಷಣ ಕಡೆಗೆ ಎಲ್ಲಿಯಾದರೂ ಕೂರುತ್ತದೆ.

ಪಿಯು ಕಾಲೇಜಿನಲ್ಲಿ ಇದೇ ಗಂಟು ದಿನವಿಡೀ ಇರುತ್ತದೆ. ಪಿಸಿಎಂಬಿ, ಪಿಸಿಎಂಸಿ ಮಕ್ಕಳು ಭೌತ, ರಸಾಯನ, ಗಣಿತಕ್ಕೆ ಒಟ್ಟಿಗೆ ಕೂತು, ಜೀವಶಾಸ್ತ್ರ ಮತ್ತು ಕಂಪ್ಯೂಟರ್ ಸೈನ್ಸ್ ಬಂದಾಗ ಬೇರೆಯಾಗುತ್ತಾರೆ. ಭಾಷೆಗೆ ಕನ್ನಡ, ಹಿಂದಿ, ಸಂಸ್ಕೃತ ಎಂದು ಇನ್ನೊಂದು ರೀತಿಯಲ್ಲಿ ಒಡೆಯುತ್ತಾರೆ. ಪ್ರಯೋಗಕ್ಕೆ ಮತ್ತೆ ಬ್ಯಾಚುಗಳು. ಅಲ್ಲಿ ಸೆಕ್ಷನ್ ಎಂಬುದನ್ನೇ ಘಟಕವಾಗಿ ಹಿಡಿದರೆ ಕೆಲಸ ಕೆಡುತ್ತದೆ. ಎಂದೂ ಬೇರೆಯಾಗದ ಅತಿ ಚಿಕ್ಕ ಗುಂಪನ್ನು ಘಟಕವಾಗಿ ಹಿಡಿಯಬೇಕು. ಎಫ್‌ಇಟಿ ವಿದ್ಯಾರ್ಥಿಗಳನ್ನು ವರ್ಷ, ಗುಂಪು, ಉಪಗುಂಪು ಎಂದು ಮೂರು ಹಂತದಲ್ಲಿ ಬರೆಸುವುದು ಇದಕ್ಕಾಗಿಯೇ.

ಷರತ್ತುಗಳಿಗೆ ಬರೋಣ. ಅತಿಥಿ ಶಿಕ್ಷಕರು ಇನ್ನೊಂದು ಶಾಲೆಗೂ ಹೋಗುವುದರಿಂದ ಮಧ್ಯಾಹ್ನ ಮಾತ್ರ ಬರುತ್ತಾರೆ. ವಾರಕ್ಕೆ ಮೂರು ದಿನ ನಿಯೋಜನೆಯ ಮೇಲೆ ಬರುವವರು ಇನ್ನೊಬ್ಬರು. ಇವು ನಿಜವಾದ ಅಡಚಣೆಗಳು. ‘ನನಗೆ ಕೊನೆಯ ಪೀರಿಯಡ್ ಬೇಡ’ ಎನ್ನುವುದು ಆಸೆ. ಎರಡಕ್ಕೂ ಬೇರೆ ಬೇರೆ ಕಾಲಂ ಇರಬೇಕು. ಏಕೆಂದರೆ ಒಂದೊಂದು ಷರತ್ತಿಗೂ ಬೆಲೆ ಇದೆ, ಗಣಿತಜ್ಞರು ಅದನ್ನು ಸರಿಯಾಗಿಯೇ ತೂಗಿದ್ದಾರೆ. ಹಂಗೇರಿಯ ಡೆನೆಶ್ ಕ್ಯೋನಿಗ್ 1916ರಲ್ಲಿ ಸಾಧಿಸಿದ ಪ್ರಮೇಯವನ್ನು ನಮ್ಮ ಶಾಲೆಗೆ ಅನ್ವಯಿಸಿದರೆ ಹೀಗಾಗುತ್ತದೆ: ಒಂದು ಪಾಠಕ್ಕೆ ಒಂದೇ ಸೆಕ್ಷನ್, ಒಬ್ಬರೇ ಶಿಕ್ಷಕರು, ಯಾವ ಸೆಕ್ಷನ್ನಿನ ಮೊತ್ತವೂ ಯಾವ ಶಿಕ್ಷಕರ ಮೊತ್ತವೂ 45 ಮೀರಿಲ್ಲ, ಬೇರೆ ಷರತ್ತೇ ಇಲ್ಲ. ಹಾಗಿದ್ದರೆ ವೇಳಾಪಟ್ಟಿ ಖಂಡಿತ ಕೂಡುತ್ತದೆ. ‘ಈ ಶಿಕ್ಷಕರು ಆ ಹೊತ್ತಿಗೆ ಸಿಗುವುದಿಲ್ಲ’ ಎಂಬುದು ಸೇರಿದ ಕೂಡಲೇ ಚಿತ್ರ ಬದಲಾಗುತ್ತದೆ. ಆಗ ಅದು ಕಂಪ್ಯೂಟರ್ ವಿಜ್ಞಾನದ ಅತಿ ಕಠಿಣ ಸಮಸ್ಯೆಗಳ ಗುಂಪಿಗೆ ಸೇರುತ್ತದೆ ಎಂದು 1976ರಲ್ಲಿ ಎವೆನ್, ಇಟಾಯ್, ಶಮೀರ್ ತೋರಿಸಿದರು. ಬ್ಯಾಂಕಿನ ವ್ಯವಹಾರಗಳನ್ನೂ ಕಾಯುವ ಆರ್‌ಎಸ್‌ಎ ಗೂಢಲಿಪಿಯ ಕರ್ತೃಗಳಲ್ಲಿ ಒಬ್ಬರಾದ ಆದಿ ಶಮೀರ್ ಅವರೇ ಇವರು. ಗಣಿತದ ಮೇಷ್ಟ್ರಿಗೆ ಗುರುವಾರ ಮಧ್ಯಾಹ್ನ ತಲೆ ಬಿಸಿಯಾಗುವುದರಲ್ಲಿ ಆಶ್ಚರ್ಯವೇನಿಲ್ಲ.

ಹೆಸರು ಬರೆಯುವುದರಲ್ಲೂ ಶಿಸ್ತು ಬೇಕು. ಒಂದು ಸಾಲಿನಲ್ಲಿ ‘ಸಮಾಜ’, ಇನ್ನೊಂದರಲ್ಲಿ ‘ಸಮಾಜ ವಿಜ್ಞಾನ’, ಮತ್ತೊಂದರಲ್ಲಿ ‘ಎಸ್‌.ಎಸ್‌.’ ಎಂದಿದ್ದರೆ ಮನುಷ್ಯರಿಗೆ ಗೊತ್ತಾಗುತ್ತದೆ, ಎಕ್ಸೆಲ್ ಹಾಳೆ ಅವನ್ನು ಮೂರು ವಿಷಯ ಎಂದೇ ಎಣಿಸುತ್ತದೆ. ಒಬ್ಬರೇ ಶಿಕ್ಷಕರು ಎರಡು ಹೆಸರಿನಲ್ಲಿದ್ದರೆ ಒಂದೇ ಹೊತ್ತಿಗೆ ಎರಡು ತರಗತಿಯಲ್ಲಿ ಪಾಠ ಮಾಡುವ ವೇಳಾಪಟ್ಟಿ ಸಿದ್ಧವಾಗುತ್ತದೆ. ಅಕ್ಷರದ ಕೊನೆಗೆ ಅಂಟಿಕೊಂಡ ಒಂದು ಖಾಲಿ ಸ್ಪೇಸ್ ಸಾಕು ಅದಕ್ಕೆ. ಹಾಜರಿ ಪುಸ್ತಕದಲ್ಲಿರುವ ಇನಿಷಿಯಲ್ಲನ್ನೇ ಗುರುತಾಗಿ ಇಟ್ಟುಕೊಳ್ಳಿ. ಭರ್ತಿಯಾಗದ ಹುದ್ದೆಗೆ ‘ಹಿಂದಿ-ಖಾಲಿ’ ಎಂಬ ಗುರುತು ಕೊಡಿ, ಸಾಲನ್ನು ಖಾಲಿ ಬಿಡಬೇಡಿ.

ಅಕ್ಷರ ಮತ್ತು ಅಂಕಿ ಮುಗಿದ ಮೇಲೆ ಪಟ್ಟಿಯನ್ನು ಮೂರು ರೀತಿ ಕೂಡಿ ನೋಡಿ: ಸೆಕ್ಷನ್‌ವಾರು, ಶಿಕ್ಷಕರವಾರು, ಕೋಣೆವಾರು. ಎಕ್ಸೆಲ್‌ನಲ್ಲಿ ‘ಸಮ್‌ಇಫ್’ ಸೂತ್ರ ಹಾಕಿಟ್ಟರೆ ಒಂದು ಅಂಕಿ ಬದಲಿಸಿದ ಕೂಡಲೇ ಮೊತ್ತ ಬದಲಾಗುತ್ತದೆ. ಕೂಡಿಸಿದ ತರಗತಿಯ ಸಾಲಿನಲ್ಲಿ ಸೆಕ್ಷನ್ ಎರಡಿರುವುದರಿಂದ ಸೆಕ್ಷನ್ನಿಗೆ ಎರಡು ಕಾಲಂ ಇಟ್ಟು ಎರಡನ್ನೂ ಕೂಡಿಸಬೇಕು. ಒಡೆದ ಭಾಷೆಯ ಸಾಲುಗಳು ಎರಡಿದ್ದರೂ ಸೆಕ್ಷನ್ನಿನ ಲೆಕ್ಕದಲ್ಲಿ ಒಂದೇ ಸಲ ಬರಬೇಕು. ಶಿಕ್ಷಕರವಾರು ಮೊತ್ತದ ಒಂದು ಪ್ರತಿ ತೆಗೆದು ಸ್ಟಾಫ್‌ರೂಮಿನಲ್ಲಿ ಹಂಚಿ, ಒಬ್ಬೊಬ್ಬರಿಂದಲೂ ಸಹಿ ಹಾಕಿಸಿಕೊಳ್ಳಿ. ‘ನನಗೆ 9ಬಿ ಬಂದಿಲ್ಲವಲ್ಲ, ಹೋದ ವರ್ಷ ಹೇಳಿದ್ದರಲ್ಲ’ ಎಂಬ ಮಾತು ಬರುವುದಿದ್ದರೆ ಆ ಹೊತ್ತಿಗೇ ಬಂದುಬಿಡಲಿ.

ಪಟ್ಟಿಯ ಕಡತವನ್ನು ದಿನಾಂಕ ಹಾಕಿ ಉಳಿಸಿಡಿ. ವರ್ಷದ ನಡುವೆ ಸಮಾಜದ ಮೇಡಂಗೆ ವರ್ಗಾವಣೆಯಾಗಿ, ಅವರ ಜಾಗಕ್ಕೆ ಬಂದವರು ಬೆಳಗಿನ ಬಸ್ಸಿಗೆ ಕಾದು ಎರಡನೆಯ ಪೀರಿಯಡ್‌ಗೆ ತಲುಪುವವರಾದರೆ, ಬದಲಿಸಬೇಕಾದದ್ದು ಶಿಕ್ಷಕರ ಕಾಲಂನಲ್ಲಿ ಆರು ಹೆಸರು, ಅಡಚಣೆಯ ಕಾಲಂನಲ್ಲಿ ಮೊದಲ ಪೀರಿಯಡ್. ಮೊತ್ತ 36 ಹಾಗೆಯೇ ಇರುತ್ತದೆ. ಅವರಿಗೆ ಸಿಗುವ ಜಾಗ ಮಾತ್ರ ದಿನಕ್ಕೊಂದರಂತೆ ಆರು ಕಡಿಮೆಯಾಗಿ 39ಕ್ಕೆ ಇಳಿಯುತ್ತದೆ. 36 ಪಾಠ, 39 ಜಾಗ. ಕಷ್ಟವಿದೆ, ಆದರೆ ಆಗುತ್ತದೆ. ಅವರ ಸಾಲುಗಳನ್ನು ಈ ಸಲ ತೃತೀಯ ಭಾಷೆಯ ಗಂಟಿನ ಬೆನ್ನಿಗೇ, ಲ್ಯಾಬ್ ಜೋಡಿಗಳಿಗಿಂತ ಮುಂಚೆ ಇಡಬೇಕು.